ಗುಜರಿಗೆ ಹಾಕೂ ಮುಂಚೆ ನಮಗ ಹೇಳ್ರಿ

ಸಂಕೇಶ್ವರ

ಆತ್ಮೀಯ ಓದುಗ ಮಿತ್ರರೆ,

ಮೂಡಲಗಿ ಕಡೆಯಿಂದ ನೀವು ಬರೆದ ಪತ್ರ ತಲುಪಿತು. ಊರಿನ ಸಮುದಾಯ ಭವನದ ಒಂದು ಕೋಣೆಯಲ್ಲಿ ಹುಡುಗ ಹುಡುಗಿಯರು ಕೂಡಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾರೆ, ಅವರಿಗೆ ನಾಲ್ಕು ಕಂಪ್ಯೂಟರ್ ಬೇಕಾಗಿವೆ, ಕೈಯಲ್ಲಿ ರೊಕ್ಕವಿಲ್ಲ, ‘ಎಲ್ಲಿಯಾದರೂ ಪುಕ್ಕಟೆ ಸಿಗತಾವೇನ್ರಿ?’ ಎಂದು ಕೇಳಿದ್ದೀರಿ. ಸಿಗುತ್ತವೆ. ಬೆಂಗಳೂರಿಗೆ ಹೋಗಬೇಕಿಲ್ಲ, ನಿಮ್ಮ ಸುತ್ತಮುತ್ತಲೇ ಸಿಗುತ್ತವೆ. ಆದರೆ ಕೇಳುವುದಕ್ಕೆ ಒಂದು ಕಾಲವಿದೆ. ಅದು ತಪ್ಪಿದರೆ ಅದೇ ಕಂಪ್ಯೂಟರ್ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿರುತ್ತದೆ.

ಚೆನ್ನಾಗಿ ನಡೆಯುವ ಯಂತ್ರ ಮೂಲೆಗೆ ಬೀಳುವುದು ಯಾಕೆ ಎಂಬುದನ್ನು ಮೊದಲು ಹೇಳುತ್ತೇನೆ, ಅದು ಗೊತ್ತಿದ್ದರೆ ಕೇಳಲು ಧೈರ್ಯ ಬರುತ್ತದೆ. ಒಂದು ಸಂಸ್ಥೆ 40,000 ರೂಪಾಯಿ ಕೊಟ್ಟು ಕಂಪ್ಯೂಟರ್ ತಂದಿತು ಎನ್ನಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ. 40ರ ಸವಕಳಿ. ಮೊದಲ ವರ್ಷದ ಕೊನೆಗೆ ಪುಸ್ತಕದಲ್ಲಿ ಅದರ ಬೆಲೆ 24,000, ಮರುವರ್ಷ 14,400. ಐದನೆಯ ವರ್ಷ ಮುಗಿಯುವಾಗ ಸುಮಾರು 3,110 ರೂಪಾಯಿ. ಪ್ರೊಸೆಸರ್ ಸವೆದಿರುವುದಿಲ್ಲ, ಮದರ್‌ಬೋರ್ಡ್ ಹಾಳಾಗಿರುವುದಿಲ್ಲ. ಲೆಡ್ಜರಿನಲ್ಲಿ ಮಾತ್ರ ಅದರ ಆಯುಷ್ಯ ತೀರಿರುತ್ತದೆ. ಇದರ ಜೊತೆಗೆ ವಿಂಡೋಸ್ ವಿಷಯ ಬಂತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್ಲಿನ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಇರಬೇಕು. ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಪೇಟೆಗೆ ಬಂದದ್ದೇ 2017ರ ಕೊನೆಗೆ. ಹಾಗಾಗಿ 2016ರಲ್ಲಿ ಕೊಂಡ ಒಳ್ಳೆಯ ಐ5 ಯಂತ್ರ ಕೂಡ, ಏನೂ ಕೆಡದೆ, ‘ಹಳೇದು’ ಅನ್ನಿಸಿಕೊಂಡಿತು.

ನಮ್ಮ ಹೊಲದ ಮೋಟಾರು ಸುಟ್ಟರೆ ನಾವು ಯಾರೂ ಅದನ್ನು ಬಿಸಾಡುವುದಿಲ್ಲ. ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತೇವೆ, ತಂತಿ ಸುತ್ತಿಸುತ್ತೇವೆ, ಮತ್ತೆ ಬಾವಿಗೆ ಇಳಿಸುತ್ತೇವೆ. ಕಂಪ್ಯೂಟರ್ ಬಗ್ಗೆ ಆ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ ಎಂಬುದೇ ನನ್ನ ನೋವು.

ಎಲ್ಲಿ ಕೇಳಬೇಕು? ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಉತ್ತರ ಸುಲಭ: ಸೊಸೈಟಿಗಳಲ್ಲಿ. ಪತ್ತಿನ ಸಂಘ, ಸೌಹಾರ್ದ ಸಹಕಾರಿ, ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಂಘ) ಇಲ್ಲದ ಊರು ನಮ್ಮ ಕಡೆ ಅಪರೂಪ. ಹುಕ್ಕೇರಿ ತಾಲೂಕಿನಲ್ಲಂತೂ ಮನೆಗೆ ಕರೆಂಟು ಕೊಡುವುದೂ 1969ರಲ್ಲಿ ಕಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕೂಡಿ ಕಟ್ಟಿಕೊಂಡು ಹಂಚಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಹೊಸ ಯಂತ್ರ ಬಂದು ಕೂತಲ್ಲಿ ಹಳೆಯದು ಎಲ್ಲಿ ಹೋಯಿತು ಎಂದು ಒಮ್ಮೆ ವಿಚಾರಿಸಿ. ಹಾಗೆಯೇ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ಕಾಲೇಜುಗಳ ಲ್ಯಾಬ್, ಸಕ್ಕರೆ ಕಾರ್ಖಾನೆಗಳ ಆಫೀಸು, ಡಿಟಿಪಿ ಅಂಗಡಿ, ಫೋಟೋ ಸ್ಟುಡಿಯೋ, ಲೆಕ್ಕಪರಿಶೋಧಕರ ಕಚೇರಿ. ಸರ್ಕಾರಿ ಕಚೇರಿಯ ದಾರಿ ಉದ್ದ, ಅಲ್ಲಿ ಅನುಪಯುಕ್ತ ಎಂದು ಘೋಷಿಸಿ ಹರಾಜು ಹಾಕುವ ಕ್ರಮವಿದೆ. ಮೊದಲಿಗೆ ಅದರ ಹಿಂದೆ ಬೀಳಬೇಡಿ.

ಈಗ ಕಾಲದ ಮಾತು. ಹೊಸ ಕಂಪ್ಯೂಟರ್ ಬಂದ ದಿನಕ್ಕೂ ಹಳೆಯದನ್ನು ಲಿಲಾವಿಗೆ ಇಡುವ ದಿನಕ್ಕೂ ನಡುವೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹೋಗುತ್ತವೆ. ಅಷ್ಟು ದಿನ ಅದು ಮೆಟ್ಟಿಲ ಕೆಳಗೋ ದಾಖಲೆ ಕೋಣೆಯಲ್ಲೋ ಇರುತ್ತದೆ. ಮಳೆಗಾಲದ ತಂಪು ಹಿಡಿಯುತ್ತದೆ, ಇಲಿ ವೈರು ಕಡಿಯುತ್ತದೆ, ಯಾರೋ ರ‍್ಯಾಮ್ ಬಿಚ್ಚಿಕೊಳ್ಳುತ್ತಾರೆ, ಪವರ್ ಕೇಬಲ್ಲು ಮತ್ತೆಲ್ಲಿಗೋ ಹೋಗುತ್ತದೆ. ಕೊನೆಗೆ ಉಳಿಯುವುದು ಬರೀ ತಗಡಿನ ಡಬ್ಬಿ. ಹೊಸದು ಬರುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದ ವಾರವೇ ಹೋಗಿ, ‘ಗುಜರಿಗೆ ಹಾಕೂ ಮುಂಚೆ ನಮಗ ಹೇಳ್ರಿ ಸಾಹೇಬ್ರ’ ಎಂದು ಹೇಳಿ ಬನ್ನಿ.

ಕಾನೂನಿನ ಕಡೆಯಿಂದಲೂ ಇದೇ ಸರಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಒಂದು ವರ್ಷದಲ್ಲಿ ಸಾವಿರ ಅಥವಾ ಅದಕ್ಕಿಂತ ಹೆಚ್ಚು ವಿದ್ಯುನ್ಮಾನ ಉಪಕರಣ ಬಳಸುವ ದೊಡ್ಡ ಸಂಸ್ಥೆಗಳು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತರಿಗೇ ಒಪ್ಪಿಸಬೇಕು. ತ್ಯಾಜ್ಯ ಎಂದು ಬರೆದಾದ ಮೇಲೆ ಅವರು ನಿಮಗೆ ಕೊಡಲಾರರು. ಇನ್ನೂ ಕೆಲಸ ಮಾಡುವ ವಸ್ತುವಾಗಿದ್ದಾಗಲೇ ಅದು ದಾನವಾಗಬೇಕು.

ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಯುವಕ ಸಂಘದ ಲೆಟರ್‌ಹೆಡ್ ಮೇಲೆ ಒಂದು ಅರ್ಜಿ ಒಯ್ಯಿರಿ. ಯಾರಿಗಾಗಿ, ಎಷ್ಟು, ಎಲ್ಲಿ ಇಡುತ್ತೀರಿ, ಯಾರು ನೋಡಿಕೊಳ್ಳುತ್ತಾರೆ, ಇಷ್ಟು ಬರೆದರೆ ಸಾಕು. ಸೊಸೈಟಿಯ ಸೆಕ್ರೆಟರಿಗೆ ತಾವೊಬ್ಬರೇ ನಿರ್ಧಾರ ಮಾಡಲು ಬರುವುದಿಲ್ಲ. ಆಡಳಿತ ಮಂಡಳಿ ಸಭೆಯಲ್ಲಿ ಠರಾವು ಆಗಬೇಕು, ಡೆಡ್ ಸ್ಟಾಕ್ ರಿಜಿಸ್ಟರಿನಿಂದ ಅದು ಕಡಿಮೆಯಾಗಬೇಕು, ಇಲ್ಲದಿದ್ದರೆ ಆಡಿಟ್‌ನಲ್ಲಿ ಅವರಿಗೆ ತೊಂದರೆ. ಅವರ ಕಷ್ಟ ನಿಮಗೆ ಗೊತ್ತಿದೆ ಎಂದು ತಿಳಿದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಹಾರ್ಡ್ ಡಿಸ್ಕಿನದು. ಸಾಲಗಾರರ ಹೆಸರು, ಆಧಾರ್ ಸಂಖ್ಯೆ, ಠೇವಣಿ ಲೆಕ್ಕ ಎಲ್ಲ ಅದರಲ್ಲಿರುತ್ತವೆ. ಬರೀ ಡಿಲೀಟ್ ಮಾಡಿದರೆ, ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ಮಾಹಿತಿ ಹೋಗುವುದಿಲ್ಲ, ತೆಗೆಯುವ ಉಪಾಯ ಬಲ್ಲವರು ತೆಗೆಯುತ್ತಾರೆ. ಕೊಡುವವರು ಹಿಂದೆ ಮುಂದೆ ನೋಡುವುದು ಬಹಳ ಸಲ ಜಿಪುಣತನದಿಂದಲ್ಲ, ಈ ಅಂಜಿಕೆಯಿಂದ. ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸರಳ ಉಪಾಯ ಹೇಳುತ್ತೇನೆ. ಅವರ ಎದುರಿಗೇ ಡಬ್ಬಿ ಬಿಚ್ಚಿ, ಡಿಸ್ಕು ತೆಗೆದು ಅವರ ಕೈಗೇ ಕೊಡಿ. ‘ಡಿಸ್ಕ್ ನಿಮ್ಮ ಹತ್ರಾನೇ ಇರಲಿ, ಉಳಿದದ್ದು ನಮಗ ಸಾಕು’ ಎನ್ನಿ. ಹಳೆಯ ತಿರುಗುವ ಡಿಸ್ಕು ನಿಮಗೆ ಬೇಕಾಗಿಯೂ ಇಲ್ಲ. ಅದರ ಜಾಗಕ್ಕೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದರೆ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಯಂತ್ರ ಏಳುತ್ತದೆ. ನೀವು ಹೆಚ್ಚು ಖರ್ಚು ಮಾಡಬೇಕಾದ ಒಂದೇ ಒಂದು ಜಾಗ ಅದು.

ಸಿಕ್ಕಿತೆಂದು ಎಲ್ಲವನ್ನೂ ಹೊತ್ತು ತರಬೇಡಿ. 2011ರಲ್ಲಿ ಬಂದ ಎರಡನೇ ತಲೆಮಾರಿನ ಐ3, ಅಥವಾ ಅದಕ್ಕಿಂತ ಈಚಿನದಾದರೆ ಕಣ್ಣು ಮುಚ್ಚಿ ತನ್ನಿ. 32 ಬಿಟ್‌ನ ಹಳೆಯ ಯಂತ್ರ ಬೇಡ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ಕೂಡ ಅಂಥವಕ್ಕೆ ಇನ್‌ಸ್ಟಾಲರ್ ಕೊಡುವುದನ್ನು ಬಿಟ್ಟಿದೆ. ದಪ್ಪ ಗಾಜಿನ ಹಳೆಯ ಮಾನಿಟರ್ ಖಂಡಿತ ಬೇಡ, ಅದರ ಗಾಜಿನಲ್ಲಿ ಸೀಸವಿದೆ. ಹೊಟ್ಟೆ ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಮುಟ್ಟಲೇಬೇಡಿ. ಮದರ್‌ಬೋರ್ಡ್ ಮೇಲಿನ ಸಣ್ಣ ಡಬ್ಬಿಯಾಕಾರದ ಕೆಪ್ಯಾಸಿಟರುಗಳ ತಲೆ ಉಬ್ಬಿದ್ದರೆ ಅದನ್ನು ಬಿಡಿಭಾಗಕ್ಕೆ ಮಾತ್ರ ಇಟ್ಟುಕೊಳ್ಳಿ. ನಾಲ್ಕು ಬೇಕಿದ್ದರೆ ಆರು ತನ್ನಿ, ಎರಡರ ರ‍್ಯಾಮ್, ಫ್ಯಾನು, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಉಳಿದ ನಾಲ್ಕನ್ನು ಸಾಕುತ್ತವೆ.

‘ಸತ್ತಿದೆ’ ಎಂದು ಕೊಟ್ಟವುಗಳಲ್ಲಿ ಬಹಳಷ್ಟು ಸತ್ತಿರುವುದಿಲ್ಲ. ಗುಂಡಿ ಒತ್ತಿದಾಗ ಬೀಪ್ ಬೀಪ್ ಎಂದು ಕೂಗಿ ಪರದೆ ಕಪ್ಪಗೇ ಉಳಿದರೆ, ರ‍್ಯಾಮ್ ತೆಗೆದು ಅದರ ಹಳದಿ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ತಿಕ್ಕಿ ಮತ್ತೆ ಕೂರಿಸಿ. ಎಷ್ಟೋ ಸಲ ಅಷ್ಟರಿಂದಲೇ ಎದ್ದು ಕೂರುತ್ತದೆ. ಇಂಟರ್ನೆಟ್ ಬರುತ್ತಿದೆ ಆದರೆ ಯಾವ ಜಾಲತಾಣವೂ ತೆರೆಯುವುದಿಲ್ಲ ಎಂದರೆ ತಾರೀಖು ನೋಡಿ. ಒಳಗಿನ ಸಿಆರ್2032 ನಾಣ್ಯದ ಸೆಲ್ಲು ತೀರಿದ್ದರೆ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ನಿಂತಿರುತ್ತದೆ, ಭದ್ರತೆಯ ಪ್ರಮಾಣಪತ್ರಗಳು ಆ ತಾರೀಖಿಗೆ ಹೊಂದುವುದಿಲ್ಲ. ಸೆಲ್ಲು ಬದಲಿಸಿದರೆ ಮುಗಿಯಿತು. ತಾನಾಗಿಯೇ ಬಂದ್ ಆಗುತ್ತಿದ್ದರೆ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿರುತ್ತದೆ, ಫ್ಯಾನಿನಲ್ಲಿ ಧೂಳು ಗಟ್ಟಿಯಾಗಿರುತ್ತದೆ. ಬಿಚ್ಚುವ ಮೊದಲು ಪ್ಲಗ್ ಕಿತ್ತಿಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಹುಡುಗರು ಬಿಚ್ಚದಂತೆ ನೋಡಿಕೊಳ್ಳಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟು ನಿಂತಿರುತ್ತದೆ.

ರಿಪೇರಿಯಾದ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅಥವಾ ಡೆಬಿಯನ್ ಹಾಕಿ. ಪುಕ್ಕಟೆ, ಕಾನೂನುಬದ್ಧ, ಕದ್ದ ಪ್ರತಿಯ ಭಯವಿಲ್ಲ. ಟೈಪಿಂಗ್ ಕಲಿತವರು ‘ನುಡಿ ಬರದಿದ್ದರೆ ನಮಗೆ ಆಗುವುದಿಲ್ಲ’ ಎನ್ನುತ್ತಾರೆ. ನುಡಿ ತಂತ್ರಾಂಶದ ಆ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿಯೂ ಇದೆ, ಐಬಸ್ ಎಂಬ ಟೈಪಿಂಗ್ ಸೌಲಭ್ಯದಲ್ಲಿ ಆರಿಸಿಕೊಂಡರೆ ಆಯಿತು. ನಮ್ಮ ಸಂಕೇಶ್ವರ, ನಿಪ್ಪಾಣಿ ಕಡೆಯ ಮಕ್ಕಳಿಗೆ ಮರಾಠಿಯೂ ಬೇಕು. ಅದೂ ಅದೇ ಪಟ್ಟಿಯಲ್ಲಿದೆ. ಊರಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ ಎಂದಿದ್ದೀರಿ. ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಇಡೀ ಕನ್ನಡ ವಿಕಿಪೀಡಿಯವನ್ನು ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓದಬಹುದು.

ಇಷ್ಟೆಲ್ಲ ಆದ ಮೇಲೂ ಒಂದು ಬೇಕು, ಮನುಷ್ಯರು. ಬೆಂಗಳೂರಿನ ಗುರಪ್ಪನಪಾಳ್ಯದ ಹತ್ತಿರ ಸುದರ್ಶನ ಲೇಔಟ್ ಎಂಬ ಕೊಳಚೆ ಪ್ರದೇಶವಿದೆ. 2008ರ ಸುಮಾರಿಗೆ ಅಲ್ಲಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಶುರುವಾಯಿತು. ಬೇರೆಯವರು ಬೇಡವೆಂದು ಕೊಟ್ಟ ಯಂತ್ರಗಳು, ಅವುಗಳಲ್ಲಿ ಸ್ವತಂತ್ರ ತಂತ್ರಾಂಶ. ದುಡಿಯುವ ಮನೆಗಳ ಮಕ್ಕಳು ಅಲ್ಲಿ ಕೂತು ಗಿಂಪ್ ಎಂಬ ತಂತ್ರಾಂಶದಲ್ಲಿ ಚಿತ್ರ ಬರೆದರು. ಆ ಕೇಂದ್ರ ಜೀವ ಹಿಡಿದದ್ದು ಯಂತ್ರಗಳಿಂದಲ್ಲ, ಸಂಜೆ, ರಜೆ ಎನ್ನದೆ ಬಂದು ಕಲಿಸಿದ ಸ್ವತಂತ್ರ ತಂತ್ರಾಂಶ ಚಳವಳಿಯ ಸ್ವಯಂಸೇವಕರಿಂದ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 2000ನೇ ಇಸವಿಯಲ್ಲಿ ಹುಟ್ಟಿದ ಫ್ರೀ ಗೀಕ್ ಇನ್ನೊಂದು ದಾರಿ ಹಿಡಿಯಿತು. ಇಷ್ಟು ತಾಸು ಬಂದು ಹಳೆಯ ಯಂತ್ರ ಬಿಚ್ಚುವ, ಜೋಡಿಸುವ ಕೆಲಸ ಮಾಡಿದವರಿಗೆ ಕೊನೆಗೆ ಒಂದು ಕಂಪ್ಯೂಟರನ್ನೇ ಕೊಟ್ಟು ಕಳಿಸುವುದು. ಇದು ನನಗೆ ಬಹಳ ಹಿಡಿಸುತ್ತದೆ. ನಿಮ್ಮ ಹುಡುಗಿಯರಲ್ಲಿ ಇಬ್ಬರಿಗಾದರೂ ಸ್ಕ್ರೂ ಡ್ರೈವರ್ ಕೊಡಿ. ಈ ಕೆಲಸ ಗಂಡುಮಕ್ಕಳದ್ದೇ ಎಂದು ಯಾರು ಹೇಳಿದರು?

ಪುಕ್ಕಟೆ ತಂದವರ ಮೇಲೆ ಒಂದು ಹೊಣೆಯೂ ಇದೆ. ಪೂರ್ತಿ ಕೆಟ್ಟದ್ದನ್ನು ವೈರು ಸುಟ್ಟು ತಾಮ್ರ ತೆಗೆಯುವವರ ಕೈಗೆ ಕೊಡಬೇಡಿ, ಆ ಹೊಗೆ ಅವರ ಮಕ್ಕಳ ಎದೆಗೇ ಹೋಗುತ್ತದೆ. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆ 2005ರಿಂದ ಇ-ತ್ಯಾಜ್ಯ ಬಿಡಿಸುವ ಕೆಲಸವನ್ನು ಅಧಿಕೃತವಾಗಿ ಮಾಡುತ್ತಿದೆ; ಅಂಥ ನೋಂದಾಯಿತರಿಗೆ ಒಪ್ಪಿಸುವವರೆಗೆ ಒಂದು ಪೆಟ್ಟಿಗೆಯಲ್ಲಿ ಕೂಡಿಡಿ.

ಈಗ ನೀವು ಮಾಡಬೇಕಾದದ್ದು: ಕೋಣೆಯಲ್ಲಿ ಮೂರು ಪಿನ್ನಿನ ಬೋರ್ಡು ಎಷ್ಟಿವೆ, ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನನ ಕೈಲಿ ನೋಡಿಸಿ, ಅದಿಲ್ಲದಿದ್ದರೆ ಡಬ್ಬಿ ಮುಟ್ಟಿದವರಿಗೆಲ್ಲ ಜುಂ ಎನ್ನುತ್ತದೆ. ನಿಮ್ಮೂರ ಸೊಸೈಟಿಯ ಮುಂದಿನ ಸಭೆ ಯಾವತ್ತು ಎಂದು ಸೆಕ್ರೆಟರಿಯವರನ್ನು ಕೇಳಿ, ಅದಕ್ಕೆ ಮುಂಚೆ ಅರ್ಜಿ ಮುಟ್ಟಿಸಿ. ಯಂತ್ರ ಸಿಕ್ಕ ಮೇಲೆ ಅದರ ಹಿಂದಿನ ಸ್ಟಿಕ್ಕರಿನ ಫೋಟೋ ಕಳಿಸಿರಿ, ಯಾವ ರ‍್ಯಾಮ್ ಕೂರುತ್ತದೆ ಎಂದು ನಾನು ಬರೆಯುತ್ತೇನೆ. ಒಂದು ರವಿವಾರ ಗೊತ್ತು ಮಾಡಿದರೆ ಪೆನ್ ಡ್ರೈವ್ ತಗೊಂಡು ನಾನೇ ಬರುತ್ತೇನೆ. ನಾಲ್ಕು ರಬ್ಬರು, ಒಂದು ಬ್ರಶ್ಶು, ಎರಡು ಸೆಲ್ಲು ತಂದಿಟ್ಟಿರಿ.

ನಿಮ್ಮ ಪ್ರೀತಿಯ
ಸಂಕೇಶ್ವರದ ಗೆಳೆಯ