ಉದ್ರಿ ವಹಿ ಮತ್ತು ಎರಡು ಸರ್ವರ್

ನಾವು ನಾಲ್ವರು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಒಂದೊಂದು ಊರಿಂದ ಒಬ್ಬೊಬ್ಬರು. ಹಾಸ್ಟೆಲ್‌ನಲ್ಲಿ ಒಂದೇ ರೂಮು, ಫೈನಲ್ ಇಯರ್‌ನಲ್ಲಿ ಒಂದೇ ಪ್ರಾಜೆಕ್ಟು. 'ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ' ಅನ್ನೋ ಮಾತು ಕೇಳಿ ಕೇಳಿ ಬೆಳೆದವರು ನಾವು. ಹಾಗಾಗಿ ಡೌನ್ ಆಗದ ಸರ್ವರ್ ಕಟ್ಟಬೇಕು ಅನ್ನೋ ಹುಮ್ಮಸ್ಸು.

ನಮ್ಮ ಕಡೆಯ ರೈತರಿಗೆ ಸರ್ವರ್ ಹೊಸದಲ್ಲ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಕೈಬರಹದ ಪಹಣಿ ಕಂಪ್ಯೂಟರ್ ಸೇರಿತು. ಆಗ ಪ್ರತಿ ತಾಲ್ಲೂಕಿಗೂ ಅದರದೇ ಸರ್ವರ್. ಹಾನಗಲ್ಲಿನ ಯಂತ್ರ ಕೆಟ್ಟರೆ ಸವಣೂರಿನ ಕೆಲಸ ನಿಲ್ಲುವ ಕಾರಣವಿರಲಿಲ್ಲ. ಮುಂದೆ ಡೇಟಾ ಬೆಂಗಳೂರಿನ ಸ್ಟೇಟ್ ಡೇಟಾ ಸೆಂಟರ್‌ಗೆ ಹೋಯಿತು. ಒಂದೇ ಕಡೆ ಇದ್ದರೆ ನೋಡಿಕೊಳ್ಳೋದು ಸುಲಭ. ಆದರೆ ಅಲ್ಲಿ ತೊಂದರೆಯಾದರೆ ನಾಲ್ಕೂ ತಾಲ್ಲೂಕಿಗೆ ಒಟ್ಟಿಗೇ ತಟ್ಟಬಹುದು. ಒಂದು ಯಂತ್ರ ಬಿದ್ದರೆ ಇನ್ನೊಂದು ಹೊರುವ ಕ್ಲಸ್ಟರ್, ಇಡೀ ಕಟ್ಟಡವೇ ಹೋದರೆ ದೂರದಲ್ಲೊಂದು ಕೇಂದ್ರ, ಇವೆರಡೂ ಬೇಕಾಗೋದು ಅದಕ್ಕೇ.

ನಾವು ಮೊದಲನೆಯದನ್ನಷ್ಟೇ ಕಟ್ಟಿದೆವು. ಹಿರೇಕೆರೂರಿನ ಗೆಳೆಯನ ಅಪ್ಪಾರದು ಬೀಜ-ಗೊಬ್ಬರದ ಅಂಗಡಿ. ಅವರ ಉದ್ರಿ ಲೆಕ್ಕವನ್ನೇ ಪ್ರಾಜೆಕ್ಟಿಗೆ ತಗೊಂಡೆವು. ಲ್ಯಾಬಿನ ಎರಡು ಹಳೇ ಕಂಪ್ಯೂಟರ್, ಎರಡರಲ್ಲೂ ಪೋಸ್ಟ್‌ಗ್ರೆಸ್. ಅಪ್ಪಾರು ಅಂಗಡಿಯಲ್ಲಿ ಕೂತು ಫೋನಿನಲ್ಲಿ ಹಾಕಿದ ಎಂಟ್ರಿ ಮೊದಲನೆಯದಕ್ಕೆ ಬಂದು, ಅಲ್ಲಿಂದ ಎರಡನೆಯದಕ್ಕೆ ನಕಲಾಗುತ್ತಿತ್ತು. ರಿವ್ಯೂ ದಿನ ಮೊದಲನೆಯದರ ಪ್ಲಗ್ ಕಿತ್ತೆವು. ಕೆಲವೇ ಸೆಕೆಂಡಿನಲ್ಲಿ ಎರಡನೆಯದು ಕೆಲಸ ವಹಿಸಿಕೊಂಡಿತು. ಸರ್ ಬೆನ್ನು ತಟ್ಟಿದರು. ಅಪ್ಪಾರು ನಮ್ಮನ್ನು ನಂಬಿ ವಹಿ ಬರೆಯೋದನ್ನೇ ಬಿಟ್ಟರು.

ಒಂದು ರಾತ್ರಿ ಟೆಸ್ಟ್ ಎಂಟ್ರಿ ತೆಗೆಯಲು 'ಡಿಲೀಟ್' ಕಮಾಂಡ್ ಕೊಟ್ಟೆವು. 'ವೇರ್' ಬರೆಯೋದು ಮರೆತೆವು. ಇಡೀ ಟೇಬಲ್ ಖಾಲಿ. ಎರಡನೆಯ ಯಂತ್ರ ಅದನ್ನೂ ನಿಷ್ಠೆಯಿಂದ ನಕಲು ಮಾಡಿತು. ದಿನಾ ಬ್ಯಾಕಪ್ ತೆಗೆಯೋ ಸ್ಕ್ರಿಪ್ಟ್ ಐತಲ್ಲ ಅಂತ ನೋಡಿದರೆ, ಡಿಸ್ಕ್ ತುಂಬಿ ಒಂಬತ್ತು ದಿನದಿಂದ ಫೈಲುಗಳೆಲ್ಲ ಸೊನ್ನೆ ಬೈಟ್. ಯಾರ ಕೈ ಕೀಬೋರ್ಡ್ ಮೇಲಿತ್ತು ಅಂತ ಇವತ್ತಿಗೂ ನಾವು ಹೇಳೋದಿಲ್ಲ. ಬ್ಯಾಕಪ್ ಫೈಲನ್ನು ನಾಲ್ವರಲ್ಲಿ ಒಬ್ಬರೂ ತೆರೆದು ನೋಡಿರಲಿಲ್ಲ.

ದೊಡ್ಡವರಿಗೂ ಹೀಗಾಗಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಇಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿದರು. ನಿತ್ಯದ ಬ್ಯಾಕಪ್ ವಿಫಲವಾಗುತ್ತಿದ್ದದ್ದು ಆಗಲೇ ಗೊತ್ತಾಗಿದ್ದು. ಸುಮಾರು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಕೈಹಿಡಿಯಿತು. ಅದರ ನಂತರದ ಡೇಟಾ ಹೋಯಿತು.

ಎಷ್ಟು ಹೊತ್ತಿನ ಡೇಟಾ ಹೋದರೆ ತಡಕೊಳ್ಳಬಹುದು ಅನ್ನೋದು ಆರ್‌ಪಿಒ. ಎಷ್ಟು ಹೊತ್ತಿನಲ್ಲಿ ಮತ್ತೆ ಎದ್ದು ನಿಲ್ಲಬೇಕು ಅನ್ನೋದು ಆರ್‌ಟಿಒ. ಪರೀಕ್ಷೆಯಲ್ಲಿ ಎರಡನ್ನೂ ಬರೆದು ಮಾರ್ಕ್ಸ್ ತಗೊಂಡಿದ್ದೆವು. ಅಪ್ಪಾರನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಶನಿವಾರ ಬಸ್ ಹತ್ತಿ ಹಿರೇಕೆರೂರಿಗೆ ಹೋಗಿ ವಿಷಯ ಹೇಳಿದೆವು. ಅಪ್ಪಾರು ಬಯ್ಯಲಿಲ್ಲ. ಹಳೇ ವಹಿ ತೆಗೆದು ಧೂಳು ಝಾಡಿಸಿ, ಗಿರಾಕಿಗಳಿಗೆ ಸುದ್ದಿ ಮುಟ್ಟಿಸಿದರು. 'ನಂದು ಎರಡು ಚೀಲ ಯೂರಿಯಾ ಬಾಕಿ ಐತ್ರಿ' ಅಂತ ಜನ ತಾವೇ ಬಂದು ಬರೆಸಿದರು. ಬರದವರೂ ಇದ್ದರು. ಆ ದುಡ್ಡು ನಾವು ತುಂಬಿಕೊಡ್ತೀವಿ ಅಂದರೆ ಅಪ್ಪಾರು ಒಪ್ಪಲಿಲ್ಲ. 'ಅದು ಹೆಂಗ ನಡಿತೈತಿ ಅಂತ ತೋರಿಸಿದ್ರಿ. ಹೋದ್ರ ಹೆಂಗ ತರ್ತೀರಿ, ಅದನ್ನ ತೋರಸ್ರಿ' ಅಂದರು.

ಈಗ ಬ್ಯಾಕಪ್ಪಿನ ಒಂದು ಪ್ರತಿ ಲ್ಯಾಬಿನಲ್ಲಿ, ಇನ್ನೊಂದು ಹಾನಗಲ್ಲಿನ ಗೆಳೆಯನ ಮನೆಯ ಹಾರ್ಡ್‌ಡಿಸ್ಕಿನಲ್ಲಿ. ಬ್ಯಾಕಪ್ ಸಣ್ಣದಾದರೆ ನಾಲ್ವರ ಫೋನಿಗೂ ಮೆಸೇಜು. ತಿಂಗಳ ಮೊದಲ ಭಾನುವಾರ ಖಾಲಿ ಕಂಪ್ಯೂಟರಿನಲ್ಲಿ ಬ್ಯಾಕಪ್ ಏರಿಸಿ, ಒಟ್ಟು ಬಾಕಿ ಎಷ್ಟಂತ ಅಪ್ಪಾರಿಗೆ ಫೋನ್ ಮಾಡಿ ಹೇಳ್ತೀವಿ. ಅವರು ವಹಿ ನೋಡಿ ತಾಳೆ ಹಾಕ್ತಾರೆ. ಹೌದು, ವಹಿ ಬರೆಯೋದನ್ನ ಮತ್ತೆ ಶುರು ಮಾಡ್ಯಾರ. ಬಿಡ್ರಿ ಅಂತ ನಾವೂ ಹೇಳಿಲ್ಲ.