ಸೊಪ್ಪಿನ ಕಟ್ಟಿಗೆ ಮೂಳೆಯ ಹಂಗೇಕೆ?

1931ರ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಜನ ಒಂದು ಜಗಳದಲ್ಲಿ ಮುಳುಗಿದ್ದರು. ಸೊಪ್ಪು ಬೇಯಿಸಿ ಉಳಿದ ನೀರಿಗೆ ಮೆಕ್ಕೆಜೋಳದ ರೊಟ್ಟಿಯನ್ನು ಅದ್ದಿಕೊಂಡು ತಿನ್ನಬೇಕೋ, ಪುಡಿಮಾಡಿ ಅದರಲ್ಲೇ ಕಲಸಿಕೊಂಡು ತಿನ್ನಬೇಕೋ? ಅದ್ದುವವರ ಮುಂದಾಳು ಲೂಸಿಯಾನಾದ ಗವರ್ನರ್ ಹ್ಯೂಯಿ ಲಾಂಗ್. ಪುಡಿಮಾಡುವವರ ಪರ ಲೇಖನಿ ಹಿಡಿದವರು ‘ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್’ ಪತ್ರಿಕೆಯ ಸಂಪಾದಕ ಜೂಲಿಯನ್ ಹ್ಯಾರಿಸ್. ವಾರಗಟ್ಟಲೆ ನಡೆದ ವಾದಕ್ಕೆ ಓದುಗರಿಂದ ನೂರಾರು ಪತ್ರಗಳು ಬಂದವು. ಆರ್ಥಿಕ ಮಹಾಕುಸಿತ ಊರೂರನ್ನೂ ಹಿಂಡುತ್ತಿದ್ದ ಕಾಲವದು. ಕಡುಬಡವರ ಮನೆಯಲ್ಲೂ ಸಿಗುತ್ತಿದ್ದ ಸೊಪ್ಪಿನ ನೀರಿಗಾಗಿ ಗವರ್ನರ್ ಒಬ್ಬರು ಇಷ್ಟು ಅಕ್ಕರೆಯಿಂದ ವಾದಕ್ಕೆ ನಿಂತರೆಂದರೆ, ಆ ನೀರಿಗೆ ಅಲ್ಲಿ ಎಂಥ ಮರ್ಯಾದೆ ಎಂದು ಊಹಿಸಬಹುದು.

ಅದನ್ನು ಅಲ್ಲಿಯವರು ಪಾಟ್‌ಲಿಕರ್ ಎನ್ನುತ್ತಾರೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲೇ ಬಸ್ಸಾರು ಕುದಿಸಿ ಮುದ್ದೆ ಉಣ್ಣುವ ಹಳೇ ಮೈಸೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅಲ್ಲಿನ ಕಟ್ಟಿನಲ್ಲಿ ಕೊಲಾರ್ಡ್, ಟರ್ನಿಪ್ ಅಥವಾ ಸಾಸಿವೆ ಸೊಪ್ಪಿನ ಜೊತೆಗೆ ಹೊಗೆ ಹಾಕಿದ ಹಂದಿಕಾಲಿನ ಗೆಣ್ಣೊಂದು ಗಂಟೆಗಟ್ಟಲೆ ಕುದಿಯುತ್ತದೆ. ಅಲಸಂದೆ ಕಾಳು ಬೇಯುವ ಪಾತ್ರೆಯಲ್ಲೂ ಅದೇ ಮೂಳೆ. ರೊಟ್ಟಿ ಸುಡುವ ಬೀಡು ಬಾಣಲೆಗೆ ಸವರುವುದು ಬೇಕನ್ನಿನ ಕೊಬ್ಬು, ಪೈನ ಹೊರಪದರಕ್ಕೆ ಹಂದಿಯ ತುಪ್ಪ. ಅಟ್ಲಾಂಟಾ, ಷಾರ್ಲೆಟ್, ರಾಲಿಯ ಸುತ್ತಮುತ್ತ ನೆಲೆಸಿದ ಸಸ್ಯಾಹಾರಿ ಕನ್ನಡ ಕುಟುಂಬಗಳು ಹೋಟೆಲಿನಲ್ಲಿ ‘ತರಕಾರಿ’ ಎಂದು ಬರೆದ ಸಾಲಿನ ಮುಂದೆಯೂ ಒಮ್ಮೆ ನಿಂತು ವಿಚಾರಿಸಬೇಕಾಗುತ್ತದೆ. ಹಾಲು, ಮೊಸರು, ಬೆಣ್ಣೆ, ಜೇನನ್ನೂ ಬಿಟ್ಟ ವೀಗನ್ನರಿಗಂತೂ ಆ ಮೆನುವಿನಲ್ಲಿ ಉಳಿಯುವುದು ಸಿಹಿ ಚಹಾ ಒಂದೇ ಏನೋ ಅನ್ನಿಸುತ್ತದೆ.

ಮನೆಯ ಒಲೆಯ ಮುಂದೆ ಹಾಗನ್ನಿಸುವುದಿಲ್ಲ. ಆ ಮೂಳೆ ಪಾತ್ರೆಯಲ್ಲಿ ಏನು ಕೆಲಸ ಮಾಡುತ್ತಿತ್ತು ಎಂದು ಕೇಳಿಕೊಂಡರೆ ದಾರಿ ತೆರೆಯುತ್ತದೆ. ಉಪ್ಪು ಕೊಡುತ್ತಿತ್ತು, ಹೊಗೆಯ ಪರಿಮಳ ಕೊಡುತ್ತಿತ್ತು, ಜಿಡ್ಡು ಬಿಡುತ್ತಿತ್ತು, ನಾಲಿಗೆಯ ಮೇಲೆ ನಿಲ್ಲುವ ಆಳವಾದ ರುಚಿಯೊಂದನ್ನು ಬೆರೆಸುತ್ತಿತ್ತು. ಈ ಒಂದೊಂದು ಕೆಲಸವನ್ನೂ ಮಾಡಬಲ್ಲ ಸಾಮಾನು ಗಿಡಮರಗಳಿಂದಲೇ ಸಿಗುತ್ತದೆ. ಸೋಯಾದಿಂದ ನಕಲಿ ಬೇಕನ್ ಮಾಡಿ ಅದನ್ನು ಸೊಪ್ಪಿಗೆ ಹಾಕುವುದಕ್ಕಿಂತ ಇದು ಅಗ್ಗ, ರುಚಿಯಲ್ಲೂ ಎಷ್ಟೋ ಮೇಲು.

ಕೊಲಾರ್ಡ್ ಎಲೆ ಎಲೆಕೋಸಿನ ಕುಲದ್ದೇ, ಆದರೆ ಗಡ್ಡೆ ಕಟ್ಟದೆ ಅಗಲವಾಗಿ ಹರಡಿಕೊಳ್ಳುವ ಜಾತಿ. ಬೀಸಣಿಗೆಯಷ್ಟು ದೊಡ್ಡ ಎಲೆಯ ಮೇಲೆ ಮೇಣದಂಥ ನುಣುಪು. ನೀರು ಹನಿಹನಿಯಾಗಿ ಉರುಳಿಹೋಗುತ್ತದೆ, ಹಾಗಾಗಿ ಮಣ್ಣು ಬಿಡಿಸಲು ಎರಡು ಮೂರು ನೀರಿನಲ್ಲಿ ಮುಳುಗಿಸಿ ತೊಳೆಯಬೇಕು. ನಡುವಿನ ದಪ್ಪ ದಂಟು ಹಿಡಿದು ಒಂದೇ ಎಳೆತಕ್ಕೆ ಎಲೆಯನ್ನು ಎರಡು ಪಕ್ಕಕ್ಕೂ ಬಿಡಿಸಿಕೊಂಡು, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ ಬೆರಳಗಲಕ್ಕೆ ಹೆಚ್ಚುತ್ತಾರೆ. ಈಗ ಎಣ್ಣೆ. ಇಲ್ಲಿ ಜಿಪುಣತನ ಕೂಡದು: ಹೊಗೆಯ ಪರಿಮಳ ಕೊಡುವ ಅಂಶಗಳು ನೀರಿಗಿಂತ ಜಿಡ್ಡಿನಲ್ಲೇ ಚೆನ್ನಾಗಿ ಬಿಟ್ಟುಕೊಳ್ಳುತ್ತವೆ. ಎರಡು ಈರುಳ್ಳಿ ಸಣ್ಣ ಉರಿಯಲ್ಲಿ ಕಂದುಬಣ್ಣಕ್ಕೆ ತಿರುಗುವವರೆಗೆ ಬಾಡಬೇಕು, ಬೆಳ್ಳುಳ್ಳಿ ಬೀಳಬೇಕು, ಉರಿ ಆರಿಸುವಷ್ಟು ತಗ್ಗಿಸಿ ಹೊಗೆ ಹಾಕಿದ ಪಾಪ್ರಿಕಾ ಪುಡಿ ಒಂದು ಚಮಚ ಹಾಕಬೇಕು. ಉರಿ ಜೋರಿದ್ದರೆ ಆ ಪುಡಿ ಕ್ಷಣದಲ್ಲಿ ಕರಕಲಾಗಿ ಇಡೀ ಪಾತ್ರೆ ಕಹಿಯಾಗುತ್ತದೆ. ಆಳದ ರುಚಿಗೆ ಒಣಗಿದ ಶೀಟಾಕೆ ಅಣಬೆ ನೆನೆಸಿದ ನೀರು, ಕೊನೆಯಲ್ಲಿ ಹುದುಗಿಸಿದ ಸೋಯಾ ಮುದ್ದೆಯಾದ ಮೀಸೋ ಒಂದು ಚಮಚ. ಒಣ ಅಣಬೆಯಲ್ಲಿರುವ ಗ್ವಾನಿಲೇಟ್, ಮೀಸೋದಲ್ಲಿರುವ ಗ್ಲುಟಮೇಟ್ ಒಂದಕ್ಕೊಂದು ಸೇರಿದಾಗ ಎರಡರ ರುಚಿಯೂ ಹಲವು ಪಟ್ಟು ಹೆಚ್ಚುತ್ತದೆ; ಮಾಂಸದ ಸಾರಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ ವ್ಯಾಪಾರ. ಸೊಪ್ಪು ಹಾಕಿ ಮುಚ್ಚಿಟ್ಟು ಮುಕ್ಕಾಲು ಗಂಟೆ, ಎಲೆ ಬಲಿತಿದ್ದರೆ ಒಂದು ಗಂಟೆ. ಇಳಿಸುವಾಗ ವಿನೆಗರ್, ಜೊತೆಗೆ ಒಂದಿಷ್ಟು ಖಾರ. ಕಟ್ಟು ಕಂದುಹಸಿರಾಗಿ, ಮೇಲೆ ಕೆಂಪೆಣ್ಣೆಯ ಚುಕ್ಕೆಗಳು ತೇಲುತ್ತವೆ. ಅದ್ದುವವರು ಅದ್ದಬಹುದು, ಪುಡಿಮಾಡುವವರು ಪುಡಿಮಾಡಬಹುದು.

ಇದು ಹೊಸಬರು ಬಂದು ಹಳೆಯ ಅಡುಗೆಯನ್ನು ಕೆಡಿಸುವ ಕೆಲಸ ಎಂದು ಆಕ್ಷೇಪಿಸುವವರಿದ್ದಾರೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಈ ಅಡುಗೆಯ ಬಹುಪಾಲನ್ನು ಕಟ್ಟಿದವರು ಗುಲಾಮಗಿರಿಯಲ್ಲಿ ಬದುಕಿದ ಆಫ್ರಿಕನ್ ಮೂಲದ ಹೆಂಗಸರು, ಗಂಡಸರು. ತೋಟದ ದೊರೆ ಒಬ್ಬೊಬ್ಬ ದುಡಿಮೆಯವನಿಗೆ ವಾರಕ್ಕೆ ಕೊಡುತ್ತಿದ್ದುದು ಸಾಮಾನ್ಯವಾಗಿ ಒಂಬತ್ತು ಲೀಟರಿಗೂ ಸ್ವಲ್ಪ ಕಡಿಮೆ ಅಳತೆಯ ಮೆಕ್ಕೆಜೋಳದ ಹಿಟ್ಟು, ಒಂದೂವರೆ ಕಿಲೋದ ಆಸುಪಾಸು ಉಪ್ಪು ಹಾಕಿದ ಹಂದಿಮಾಂಸ. ಹೊಲದಲ್ಲಿ ಮೈ ಮುರಿಯುವ ದುಡಿತಕ್ಕೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಗುಡಿಸಲ ಹಿಂದೆ ಸಿಕ್ಕ ತುಂಡು ನೆಲದಲ್ಲಿ, ಕತ್ತಲಾದ ಮೇಲೆ, ಅವರು ಬೆಂಡೆ, ಅಲಸಂದೆ, ಸಿಹಿಗೆಣಸು, ಕೊಲಾರ್ಡ್ ಬೆಳೆದುಕೊಂಡರು. ಮಾಂಸ ಅಲ್ಲಿ ರುಚಿಗೆ ಬೀಳುತ್ತಿದ್ದ ತುಣುಕು ಮಾತ್ರ. ತಟ್ಟೆ ತುಂಬ ಕರಿದ ಕೋಳಿ ಬಂದದ್ದು ಭಾನುವಾರಕ್ಕೆ, ಹಬ್ಬಕ್ಕೆ.

ಅಲಸಂದೆಯ ಮಾತು ಬಂತು. ಅದು ಆಫ್ರಿಕಾದಲ್ಲಿ ಮನುಷ್ಯನ ಕೈಗೆ ಪಳಗಿದ ಕಾಳು. ಸಾವಿರಾರು ವರ್ಷಗಳ ಹಿಂದೆಯೇ ಸಮುದ್ರ ದಾಟಿ ಭಾರತಕ್ಕೆ ಬಂತು. ಜೋಳ, ರಾಗಿ ಬಂದದ್ದೂ ಆ ಖಂಡದಿಂದಲೇ. ಬಹಳ ಕಾಲದ ನಂತರ, ಗುಲಾಮರನ್ನು ಸಾಗಿಸುವ ಹಡಗುಗಳ ಕಾಲದಲ್ಲಿ, ಅದೇ ಕಾಳು ಪಶ್ಚಿಮದ ದಾರಿ ಹಿಡಿದು ಕೆರೊಲಿನಾ, ವರ್ಜೀನಿಯಾ ಸೇರಿತು. ಹೊಸವರ್ಷದ ದಿನ ಅಲ್ಲಿ ಅಲಸಂದೆ ಮತ್ತು ಅನ್ನ ಸೇರಿಸಿದ ಹಾಪಿನ್ ಜಾನ್ ಉಣ್ಣಲೇಬೇಕು. ಕಾಳು ನಾಣ್ಯ, ಸೊಪ್ಪು ನೋಟು, ಮೆಕ್ಕೆಜೋಳದ ರೊಟ್ಟಿ ಚಿನ್ನ ಎಂಬ ನಂಬಿಕೆ. ಬೆಂಗಳೂರಿನ ದೊಡ್ಡ ದಿನಸಿ ಅಂಗಡಿಗಳಲ್ಲಿ ಸಿಗುವ ಸಾಮಾನಿನಲ್ಲೇ ಇದನ್ನು ಮಾಡಬಹುದು: ಈರುಳ್ಳಿ, ಡೊಣ್ಣೆ ಮೆಣಸಿನಕಾಯಿ, ಸೆಲರಿ, ಒಂದು ಬಿರಿಯಾನಿ ಎಲೆ, ಹೊಗೆಯ ಪಾಪ್ರಿಕಾ. ಕಾಳು ಬೆಂದ ನೀರಲ್ಲೇ ಅಕ್ಕಿ ಬೇಯಬೇಕು ಎನ್ನುವುದೊಂದೇ ಕಟ್ಟುಪಾಡು.

ಮೆಂಫಿಸ್‌ನಲ್ಲಿ ಹುಟ್ಟಿ ಬೆಳೆದ ಬ್ರಯಂಟ್ ಟೆರಿ 2009ರಲ್ಲಿ ‘ವೀಗನ್ ಸೋಲ್ ಕಿಚನ್’ ಎಂಬ ಅಡುಗೆ ಪುಸ್ತಕ ತಂದರು, 2014ರಲ್ಲಿ ‘ಆಫ್ರೋ–ವೀಗನ್’. ಕಪ್ಪು ಜನರ ಅಡುಗೆ ಎಂದರೆ ಬರೀ ಕರಿದದ್ದು, ಕೊಬ್ಬು ಎಂಬ ತಿಳಿವಳಿಕೆಯನ್ನು ಅವರು ಒಪ್ಪುವುದಿಲ್ಲ. ಅಜ್ಜ ಅಜ್ಜಿಯರ ಹಿತ್ತಲಿನ ಸೊಪ್ಪು, ಕಾಳು, ಹಣ್ಣುಗಳೇ ಆ ಅಡುಗೆಯ ಬೇರು ಎನ್ನುವುದು ಅವರ ನಿಲುವು. ಟೆರಿಗಿಂತ ಮೊದಲೂ ದಾರಿ ಸವೆದಿತ್ತು. ಅಟ್ಲಾಂಟಾದಲ್ಲಿ ಆಫ್ರಿಕನ್ ಹೀಬ್ರೂ ಇಸ್ರೇಲೈಟ್ ಪಂಥದವರು ತೆರೆದ ಸೋಲ್ ವೆಜಿಟೇರಿಯನ್ ಹೋಟೆಲು 1970ರ ದಶಕದ ಕೊನೆಯಿಂದಲೇ ಇಂಥ ಊಟ ಬಡಿಸುತ್ತ ಬಂದಿದೆ. ಟೆನೆಸೀಯ ಸಮ್ಮರ್‌ಟೌನ್ ಹತ್ತಿರ 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹಿಪ್ಪಿಗಳ ಗುಂಪೊಂದು ಬಸ್ಸುಗಳಲ್ಲಿ ಬಂದಿಳಿದು ‘ದ ಫಾರ್ಮ್’ ಎಂಬ ಸಮುದಾಯ ಕಟ್ಟಿತು. ಅವರು ಮಾಂಸ, ಹಾಲು, ಮೊಟ್ಟೆ ಮೂರನ್ನೂ ಬಿಟ್ಟು ಸೋಯಾ ಬೆಳೆದು, ಸೋಯಾ ಹಾಲು, ತೋಫು, ಟೆಂಪೆ ತಯಾರಿಸಿದರು. ಹಳದಿ ಚಕ್ಕೆಯ ನ್ಯೂಟ್ರಿಷನಲ್ ಯೀಸ್ಟ್‌ನಿಂದ ಚೀಸಿನಂಥ ಗೊಜ್ಜು ಮಾಡಿ ಮ್ಯಾಕರೋನಿಗೆ ಬೆರೆಸುವ ವಿಧಾನ ಅಮೆರಿಕದ ಮನೆಮನೆಗೆ ಹಬ್ಬಿದ್ದರಲ್ಲಿ ಅವರ ಅಡುಗೆ ಪುಸ್ತಕದ ಪಾಲು ದೊಡ್ಡದು. ದಕ್ಷಿಣದವರ ಹಬ್ಬದೂಟದಲ್ಲಿ ಮ್ಯಾಕರೋನಿ ಚೀಸ್ ತಪ್ಪುವಂತಿಲ್ಲವಾದ್ದರಿಂದ ಇದು ಸಣ್ಣ ಉಪಕಾರವಲ್ಲ. ಇವತ್ತು ಆ ಗೊಜ್ಜಿಗೆ ನೆನೆಸಿ ರುಬ್ಬಿದ ಗೋಡಂಬಿ ಸೇರಿಸಿ, ಮೇಲೆ ಬ್ರೆಡ್ ಪುಡಿ ಉದುರಿಸಿ ಓವನ್ನಿನಲ್ಲಿಡುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ಅಲಬಾಮಾದ ಟಸ್ಕೀಗಿ ಸಂಸ್ಥೆಯಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಸಿಗುತ್ತಾರೆ. ಗುಲಾಮಗಿರಿಯಲ್ಲಿ ಹುಟ್ಟಿ ಸಸ್ಯವಿಜ್ಞಾನಿಯಾದ ಅವರು, ಹತ್ತಿಯೊಂದನ್ನೇ ಬೆಳೆದು ಬಳಲಿದ ನೆಲಕ್ಕೆ ಕಡಲೆಕಾಯಿ, ಅಲಸಂದೆ ಹಾಕಿ ಎಂದು ಬಡ ರೈತರಿಗೆ ಹೇಳಿಕೊಟ್ಟರು. ಬೆಳೆದದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ 1916ರಲ್ಲಿ ಒಂದು ಕಿರುಹೊತ್ತಿಗೆ ತಂದರು: ಕಡಲೆಕಾಯಿಯ 105 ಅಡುಗೆಗಳು. ಅದರಲ್ಲಿ ‘ಹುಸಿ ಕೋಳಿ’ಯೂ ಒಂದು. ಬೇಯಿಸಿದ ಗೆಣಸಿನ ತೆಳು ಬಿಲ್ಲೆಗಳಿಗೆ ರುಬ್ಬಿದ ಕಡಲೆಕಾಯಿ ಬಳಿದು ಕೋಳಿಯ ಬಣ್ಣ ಬರುವ ತನಕ ಕರಿಯುವುದು. ಮೊಟ್ಟೆ ಬಳಸುವುದರಿಂದ ಅದು ವೀಗನ್ ಅಲ್ಲ. ಮೊಟ್ಟೆಯ ಜಾಗದಲ್ಲಿ ಕಡಲೆಹಿಟ್ಟಿನ ತೆಳ್ಳನೆಯ ಕಲಸು ಬಳಸಿದರೆ ಆಗುತ್ತದೆ. ಮಾಂಸಕ್ಕೆ ಬದಲಿ ಹುಡುಕುವುದು ಈಚಿನ ಪಟ್ಟಣಿಗರ ಖಯಾಲಿ ಎನ್ನುವವರು ಈ ಹೊತ್ತಿಗೆಯನ್ನು ನೋಡಬೇಕು.

ಮಾಂಸ ಬಿಡುವುದರ ಹಿಂದೆ ಆರೋಗ್ಯದ ಕಾರಣವೂ ಇದೆ, ಅದನ್ನು ಮರೆಮಾಚಬೇಕಿಲ್ಲ. ಪಾರ್ಶ್ವವಾಯುವಿನ ಸಾವುಗಳು ಹೆಚ್ಚಿರುವ ಆ ರಾಜ್ಯಗಳ ಸಾಲಿಗೆ ‘ಸ್ಟ್ರೋಕ್ ಬೆಲ್ಟ್’ ಎಂದೇ ಹೆಸರು. ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಕೇಂದ್ರದ ಸಂಶೋಧಕರು 17,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕರಿದದ್ದು, ಸಂಸ್ಕರಿತ ಮಾಂಸ, ಸಕ್ಕರೆ ಪಾನೀಯಗಳನ್ನು ಅತಿ ಹೆಚ್ಚು ಸೇವಿಸುವವರಲ್ಲಿ ಅತಿ ಕಡಿಮೆ ಸೇವಿಸುವವರಿಗಿಂತ ಹೃದ್ರೋಗದ ಅಪಾಯ ಶೇ 56ರಷ್ಟು ಹೆಚ್ಚು. ವೀಗನ್ ಆದ ಮಾತ್ರಕ್ಕೆ ಕರಿದದ್ದು ಔಷಧಿಯಾಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಹಾಗಿದ್ದೂ ಕರಿಯುವ ದಿನ ಬರುತ್ತದೆ. ಕರಿದ ಕೋಳಿಗೆ ಒಳ್ಳೆಯ ಬದಲಿ ಸಿಂಪಿ ಅಣಬೆ. ಹರಿದರೆ ನಾರುನಾರಾಗಿ ಬಿಚ್ಚುತ್ತದೆ, ಅಂಚಿನ ತೆಳುಪದರಗಳು ಎಣ್ಣೆಯಲ್ಲಿ ಗರಿಯಾಗಿ ಅರಳುತ್ತವೆ. ಸೋಯಾ ಹಾಲಿಗೆ ವಿನೆಗರ್ ಬೆರೆಸಿ ಹತ್ತು ನಿಮಿಷ ಬಿಟ್ಟರೆ ಮಜ್ಜಿಗೆಯ ಹಾಗೆ ಒಡೆದು ಗಟ್ಟಿಯಾಗುತ್ತದೆ. ಅದರಲ್ಲಿ ಅಣಬೆ ಮುಳುಗಿಸಿ, ಮಸಾಲೆ ಬೆರೆಸಿದ ಮೈದಾ ಮತ್ತು ಕಾರ್ನ್‌ಫ್ಲೋರ್‌ನಲ್ಲಿ ಹೊರಳಿಸಿ, ಮತ್ತೆ ಮುಳುಗಿಸಿ, ಮತ್ತೆ ಹೊರಳಿಸಿ 175 ಡಿಗ್ರಿ ಸೆಲ್ಸಿಯಸ್ ಎಣ್ಣೆಗೆ ಬಿಡಬೇಕು. ಬಾರ್ಬೆಕ್ಯೂಗೆ ಅಲ್ಲಿನ ವೀಗನ್ನರು ನೆಚ್ಚಿಕೊಂಡಿರುವುದು ಕರಾವಳಿಯ ಗುಜ್ಜೆಯನ್ನು. ಪಶ್ಚಿಮಘಟ್ಟವೇ ತವರಾದ ಈ ಎಳೆ ಹಲಸು ಉಪ್ಪುನೀರಿನ ಡಬ್ಬಿಯಲ್ಲಿ ಅಮೆರಿಕದ ಅಂಗಡಿಗಳಿಗೆ ಹೆಚ್ಚಾಗಿ ಥಾಯ್ಲೆಂಡ್‌ನಿಂದ ಬರುತ್ತದೆ. ಬೇಯಿಸಿ ಫೋರ್ಕಿನಲ್ಲಿ ಬಿಡಿಸಿ, ಟೊಮೆಟೊ, ಬೆಲ್ಲ, ವಿನೆಗರಿನ ಗೊಜ್ಜಿನಲ್ಲಿ ಹುರಿದರೆ ಬಿಡಿಸಿದ ಹಂದಿಮಾಂಸದಂತೆಯೇ ಕಾಣುತ್ತದೆ. ಕೈಗೆ ಎಣ್ಣೆ ಹಚ್ಚಿಕೊಂಡು ಮೇಣ ಬಿಡಿಸಿ ಗುಜ್ಜೆ ಹೆಚ್ಚುವ ಉಡುಪಿ, ಪುತ್ತೂರಿನವರ ಕೈಗೆ ಈ ಅಡುಗೆ ಸಿಕ್ಕರೆ ಡಬ್ಬಿಯದಕ್ಕಿಂತ ಬಹಳ ಚೆನ್ನಾಗಿ ಬರುತ್ತದೆ. ಗುಜ್ಜೆಯಲ್ಲಿ ಪ್ರೋಟೀನ್ ತೀರಾ ಕಡಿಮೆ, ಹಾಗಾಗಿ ಪಕ್ಕದಲ್ಲಿ ಕಾಳು ಇರಲೇಬೇಕು.

ಲೂಸಿಯಾನಾದ ಮಂದ ಸಾರಾದ ಗಂಬೊ ಮಾಡಲು ಬೇಕಾದದ್ದು ತಾಳ್ಮೆ. ಎಣ್ಣೆ, ಮೈದಾ ಸಮಸಮ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಗೊಟಾಯಿಸುತ್ತಿದ್ದರೆ ಮೊದಲು ಹುರಿಗಡಲೆಯ ಬಣ್ಣ, ಆಮೇಲೆ ತಾಮ್ರ, ಅರ್ಧ ಮುಕ್ಕಾಲು ಗಂಟೆಗೆ ಚಾಕೊಲೇಟಿನ ಬಣ್ಣ. ಮನೆಯೆಲ್ಲ ಹುರಿದ ಬೀಜದ ವಾಸನೆ. ಅಲ್ಲಿ ಈ ಹುರಿದ ಹಿಟ್ಟನ್ನು ಬೆಣ್ಣೆಗಿಂತ ಎಣ್ಣೆಯಲ್ಲೇ ಮಾಡುವುದು ಹೆಚ್ಚು, ಆದ್ದರಿಂದ ಗಂಬೊದ ಬುನಾದಿಯಲ್ಲಿ ಬದಲಿಸಬೇಕಾದದ್ದೇ ಇಲ್ಲ. ಕಪ್ಪಾದಷ್ಟೂ ಮಂದಗೊಳಿಸುವ ಶಕ್ತಿ ಕುಗ್ಗುತ್ತದೆ, ಅದಕ್ಕೆ ಬೆಂಡೆಯ ಲೋಳೆ ನೆರವಾಗುತ್ತದೆ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ನ್ಯೂ ಆರ್ಲಿಯನ್ಸ್‌ನ ಕ್ಯಾಥೊಲಿಕ್ ಮನೆಗಳು ಏಳೋ ಒಂಬತ್ತೋ ಬಗೆಯ ಸೊಪ್ಪು ಸೇರಿಸಿ ಹಸಿರು ಗಂಬೊ ಮಾಡುತ್ತಿದ್ದವು. ಮಾಂಸ ಹಾಕಿ ಮಾಡುವ ರೂಢಿಯೂ ಉಂಟು, ಹಾಕದೆ ಮಾಡುವ ರೂಢಿಯೂ ಉಂಟು.

ನಿಜವಾಗಿ ಕೈಕೊಡುವುದು ಬಿಸ್ಕೆಟ್. ಚಹಾಕ್ಕೆ ಅದ್ದುವ ಬಿಸ್ಕತ್ತಲ್ಲ, ಪದರಪದರವಾಗಿ ಉಬ್ಬಿದ ಮೆತ್ತನೆಯ ಬನ್ನು. ಕಡಿಮೆ ಪ್ರೋಟೀನಿನ ಮೃದು ಗೋಧಿಯ ಹಿಟ್ಟಿನಲ್ಲಿ ತಣ್ಣನೆಯ ಜಿಡ್ಡಿನ ಚೂರುಗಳು ಕರಗದೆ ಉಳಿದರೆ ಮಾತ್ರ ಪದರ ಬರುತ್ತದೆ. ಬೆಣ್ಣೆಯ ಬದಲು ಬಳಸುವ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗುವುದರಿಂದ ಜಾರ್ಜಿಯಾದ ಬೇಸಿಗೆಯ ಅಡುಗೆಮನೆಯಲ್ಲಿ ಕಲಸುವಾಗಲೇ ನೀರಾಗುತ್ತದೆ. ಎಣ್ಣೆಯನ್ನಷ್ಟೇ ಅಲ್ಲ, ಹಿಟ್ಟು, ಬೋಗುಣಿಗಳನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಬೆರಳ ತುದಿಯಲ್ಲೇ ಬೇಗ ಬೇಗ ಉದುರಿಸಿಕೊಂಡು, ಒಡೆದ ಸೋಯಾ ಹಾಲು ಸುರಿದು, ನಾದದೆ ಎರಡು ಮೂರು ಬಾರಿ ಮಡಚಿ, ವೃತ್ತಗಳಾಗಿ ಕತ್ತರಿಸಿ ಕೂಡಲೇ ಚೆನ್ನಾಗಿ ಕಾದ ಓವನ್ನಿಗೆ ಸೇರಿಸಬೇಕು. ಕತ್ತರಿಸುವಾಗ ಅಚ್ಚನ್ನು ತಿರುಚಬಾರದು, ತಿರುಚಿದರೆ ಅಂಚು ಅಂಟಿಕೊಂಡು ಬಿಸ್ಕೆಟ್ ಒಂದೇ ಕಡೆಗೆ ವಾಲಿ ಉಬ್ಬುತ್ತದೆ.