ಮನೆಯೊಳಗಿನ ಮಳೆ

ಅಡಿಕೆ ಸುಲಿಯುವ ರಾತ್ರಿ ಯಾರಾದರೂ ಕಥೆ ಹೇಳುತ್ತಿರಬೇಕು. ಇಲ್ಲದಿದ್ದರೆ ಮೆಟ್ಟುಗತ್ತಿಯ ಮುಂದೆ ಕೂತವರು ತೂಕಡಿಸಿ ಬೆರಳು ಕೊಯ್ದುಕೊಳ್ಳುತ್ತಾರೆ. ನಮ್ಮ ಸೋದರಮಾವನ ಅಂಗಳದಲ್ಲಿ ಮಾತ್ರ ವರ್ಷಗಟ್ಟಲೆ ಒಂದೇ ಕಥೆ. ಒಲೆಯ ಈಚೆ ಮಾವ, ಆಚೆ ಇಂಗ್ಲಿಷ್ ಮೇಷ್ಟ್ರು, ನಡುವೆ ಹಂಡೆಯಲ್ಲಿ ಬೇಯುವ ಅಡಿಕೆ. ಯಾರೋ ಬೇಕೆಂದೇ ಕೆಣಕುತ್ತಿದ್ದರು: “ಅಲ್ಲ ಮೇಷ್ಟ್ರೇ, ಆ ರಷ್ಯಾ ಸಿನಿಮಾದಲ್ಲಿ ಮಾಡು ಸೋರಿದ್ದು ಹೌದೋ ಅಲ್ಲವೋ?” ಅಷ್ಟು ಸಾಕಿತ್ತು.

ಅದು 1984ರ ಆಷಾಢ. ನಾನಾಗ ಪಿಯುಸಿ. ನಮ್ಮೂರ ಚಿತ್ರಸಮಾಜಕ್ಕೆ ಆಂದ್ರೇ ತಾರ್ಕೋವ್‌ಸ್ಕಿಯ ‘ಸೊಲಾರಿಸ್’ ಬಂದಿತ್ತು. 1972ರ ಚಿತ್ರ, ಅದೇ ವರ್ಷ ಕಾನ್ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಪಡೆದದ್ದು. ರೀಲಿನ ಡಬ್ಬಿಗಳು ಬಸ್ಸಿನ ಟಾಪಿನ ಮೇಲೆ ಬಂದಿಳಿದವು, ಮರುದಿನ ಬೆಳಗಿನ ಮೊದಲ ಬಸ್ಸಿಗೇ ವಾಪಸು ಹೋಗಬೇಕು. ಶಾಲೆಯ ಹಾಲ್, ಹದಿನಾರು ಎಂಎಂ ಪ್ರೊಜೆಕ್ಟರ್, ನೆಲಕ್ಕೆ ಜಮಖಾನೆ, ಬಾಗಿಲ ಬಳಿ ನೀರು ಸುರಿಸುವ ಕೊಡೆಗಳ ರಾಶಿ. ಪರದೆಯ ಮೇಲೆ ಮಾತು ರಷ್ಯನ್, ಅಡಿಯಲ್ಲಿ ಅಕ್ಷರ ಇಂಗ್ಲಿಷ್. ಅದನ್ನು ಕನ್ನಡದಲ್ಲಿ ಕೂಗಿ ಹೇಳುವ ಹೊಣೆ ಮೇಷ್ಟ್ರದು.

ಪೋಲೆಂಡಿನ ಸ್ತಾನಿಸ್ವಾವ್ ಲೆಮ್ 1961ರಲ್ಲಿ ಬರೆದ ಮೂಲ ಕಾದಂಬರಿಯನ್ನು ನಮ್ಮ ಸುತ್ತಿನಲ್ಲಿ ಓದಿದ್ದವರು ಅವರೊಬ್ಬರೇ. ಶುರುವಿಗೆ ಮುಂಚೆ ಎದ್ದು ನಿಂತು ಕಥೆ ಹೇಳಿದರು. ಸೊಲಾರಿಸ್ ಒಂದು ಗ್ರಹ. ಅದನ್ನು ಆವರಿಸಿದ ಸಮುದ್ರಕ್ಕೆ ಜೀವವಿರಬಹುದು, ಬುದ್ಧಿಯೂ ಇರಬಹುದು. ಮನುಷ್ಯ ಎಷ್ಟು ತಲೆ ಕೆಡಿಸಿಕೊಂಡರೂ ಅದು ಅವನಿಗೆ ಅರ್ಥವಾಗುವುದಿಲ್ಲ. ಅಲ್ಲಿಗೆ ಹೋದವರ ನೆನಪಿನ ತಳದಲ್ಲಿ ಹೂತಿಟ್ಟದ್ದನ್ನು ಆ ಸಮುದ್ರ ರಾತ್ರೋರಾತ್ರಿ ಕೆದಕಿ, ಮೈ ತುಂಬಿ ಎದುರಿಗೆ ನಿಲ್ಲಿಸುತ್ತದೆ. ಕ್ರಿಸ್ ಕೆಲ್ವಿನ್ ಎಂಬ ಮನೋವಿಜ್ಞಾನಿ ಎದ್ದು ನೋಡಿದರೆ ಪಕ್ಕದಲ್ಲಿ ಹೆಂಡತಿ. ಅವಳು ಪ್ರಾಣ ಕಳೆದುಕೊಂಡು ವರ್ಷಗಳೇ ಆಗಿವೆ.

ಹಾಲ್ ಉಸಿರು ಬಿಗಿಹಿಡಿದು ಕೂತಿತು. ಆದರೆ ಸಿನಿಮಾ ಆಕಾಶಕ್ಕೆ ಹೋಗಲೇ ಇಲ್ಲ. ಕೆರೆ, ನೀರೊಳಗೆ ಓಲಾಡುವ ಪಾಚಿ, ಮರದ ಮನೆ, ಅಪ್ಪ, ಚಿಕ್ಕಮ್ಮನಂಥ ಒಬ್ಬಳು ಹೆಂಗಸು. ಆಮೇಲೆ ಐದು ನಿಮಿಷ ಒಂದೇ ಸಮನೆ ಕಾರು ಓಡಿತು. ಅದು ಟೋಕಿಯೋದ ರಸ್ತೆ ಎಂದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ನಂತರ. “ಪುಸ್ತಕದಲ್ಲಿ ಇದ್ಯಾವುದೂ ಇಲ್ಲ! ಅಲ್ಲಿ ಮೊದಲ ಪುಟದಲ್ಲೇ ಅವನು ಹೊರಟಾಗಿರುತ್ತದೆ!” ಮೇಷ್ಟ್ರು ಅನುವಾದ ಬಿಟ್ಟು ಜಗಳಕ್ಕೇ ನಿಂತರು. ಹೆಂಡತಿ ಬಂದಳು. ಕೆಲ್ವಿನ್ ಅವಳನ್ನು ‘ಹರಿ’ ಎಂದು ಕರೆದ. “ಹೆಂಗಸಿಗೆ ಹರಿ ಅಂತ ಹೆಸರೇ?” ಎಂದಿತು ಒಂದು ದನಿ. “ಪುಸ್ತಕದಲ್ಲಿ ರಿಯಾ! ಹೆಸರನ್ನೂ ಬಿಟ್ಟಿಲ್ಲ ಈ ಪುಣ್ಯಾತ್ಮ!” ಎಂದರು ಮೇಷ್ಟ್ರು.

ಕೊನೆಯ ರೀಲು. ಕೆಲ್ವಿನ್ ಮತ್ತೆ ಅಪ್ಪನ ಮನೆಯ ಮುಂದೆ. ಕಿಟಕಿಯಿಂದ ಇಣುಕಿದರೆ ಒಳಗೆ ಅಪ್ಪ ಏನೋ ಜೋಡಿಸುತ್ತಿದ್ದಾನೆ, ಅವನ ಬೆನ್ನ ಮೇಲೆ ಧಾರಾಕಾರ ನೀರು. ಮನೆಯೊಳಗೇ ಮಳೆ! ಬೇರೆ ಊರಿನ ಜನ ಬೆಚ್ಚಿಬೀಳುತ್ತಿದ್ದರೇನೋ. ನಮ್ಮಲ್ಲಿ ಯಾರೂ ಕಣ್ಣು ಮಿಟುಕಿಸಲಿಲ್ಲ. ಆಷಾಢದಲ್ಲಿ ಯಾರ ಮನೆ ಸೋರುವುದಿಲ್ಲ? “ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಿಸಲಿಲ್ಲ, ಪಾಪ, ಮಗ ಊರಲ್ಲಿರಲಿಲ್ಲವಲ್ಲ,” ಎಂದು ಹಿಂದಿನ ಸಾಲಿನ ಹೆಂಗಸರು ಲೊಚಗುಟ್ಟಿದರು. ಅಪ್ಪ ಹೊರಗೆ ಬಂದ. ಮಗ ಮೊಣಕಾಲೂರಿ ಅವನನ್ನು ತಬ್ಬಿಕೊಂಡ. ಅಷ್ಟರಲ್ಲಿ ಕರೆಂಟು ಹೋಯಿತು.

ಮುಗಿಯಿತೆಂದು ಜನ ಎದ್ದರು. ಮಗ ಮನೆ ಸೇರಿದ, ಇನ್ನೇನು ಬೇಕು? ಕೊಡೆ ಬಿಚ್ಚಿ, ಟಾರ್ಚ್ ಹಿಡಿದು ಹೊರಟರು. ಮೇಷ್ಟ್ರಂತೂ ಎಲ್ಲರಿಗಿಂತ ಮುಂಚೆ. ಡಬ್ಬಿ ತುಂಬಿ ಬಸ್ಸಿಗೆ ಮುಟ್ಟಿಸುವ ಕೆಲಸ ಮಾವನದು, ಹಾಗಾಗಿ ಅವನೂ ನಾನೂ ಉಳಿದೆವು. ಅರ್ಧ ಗಂಟೆಯ ಮೇಲೆ ದೀಪ ಬಂತು. “ಸುತ್ತುವ ಬದಲು ಓಡಿಸಿಬಿಡಿ,” ಎಂದ ಮಾವ. ಕ್ಯಾಮೆರಾ ಮೇಲೇರಿತು. ಮನೆ ಸಣ್ಣದಾಯಿತು, ಕೆರೆ ಸಣ್ಣದಾಯಿತು, ಮೋಡ ಅಡ್ಡ ಬಂತು. ಮೋಡದ ಕೆಳಗೆ ಒಂದು ದ್ವೀಪ. ಸುತ್ತ ದಡವಿಲ್ಲದ ಆ ಸಮುದ್ರ. ಕೆಲ್ವಿನ್ ಊರಿಗೆ ಬಂದೇ ಇರಲಿಲ್ಲ.

ಮರುದಿನ ಸಂತೆಯಲ್ಲಿ ಮೇಷ್ಟ್ರು ಗುಡುಗಿದರು: ಅರ್ಥವಾಗದ ಸಮುದ್ರದ ದಡದಲ್ಲಿ ಲೆಮ್ ತನ್ನ ಕೆಲ್ವಿನ್‌ನನ್ನು ಕಾಯುತ್ತ ನಿಲ್ಲಿಸುತ್ತಾನೆ, ಇವನು ಮನೆಗೆ ಕಳಿಸಿ ಕಣ್ಣೀರು ಹಾಕಿಸಿದ.

“ಎಲ್ಲಿ ಬಂದ ಮನೆಗೆ?” ಎಂದು ಮಾವ ದ್ವೀಪದ ಸಂಗತಿ ಹೇಳಿದ. “ಮನೆ ಒಳಗೆ ಮಳೆ ಬಂದಾಗಲೇ ಗೊತ್ತಾಗಬೇಕಿತ್ತು ಮೇಷ್ಟ್ರೇ. ಸಮುದ್ರಕ್ಕೆ ಮನೆ ಕಟ್ಟೋಕೆ ಬಂತು, ಮಳೆ ಒಳಗೋ ಹೊರಗೋ ಅಂತ ತಿಳೀಲಿಲ್ಲ.”

ಮೇಷ್ಟ್ರ ಮುಖ ಸಪ್ಪಗಾಯಿತು. “ಇನ್ನೊಂದು ಸಲ ಹಾಕಿಸಲಿಕ್ಕಾಗುತ್ತದೆಯೇ?” ಎಂದರು. ಬಸ್ಸು ಆಗಲೇ ಘಟ್ಟ ದಾಟಿತ್ತು.

ಮುಂದೆ ಬೆಂಗಳೂರಿಗೆ ಹೋದ ಮೇಲೆ ನನಗೆ ಒಂದೊಂದೇ ತಿಳಿಯಿತು. ಲೆಮ್ ಮಾಸ್ಕೋದಲ್ಲಿ ವಾರಗಟ್ಟಲೆ ನಿರ್ದೇಶಕನೊಡನೆ ವಾದ ಮಾಡಿ, ಕೊನೆಗೆ ಅವನನ್ನು ಮೂರ್ಖನೆಂದು ಬೈದು ಊರಿಗೆ ಮರಳಿದ್ದರಂತೆ. ಇವನು ತೆಗೆದದ್ದು ನನ್ನ ಕಥೆಯಲ್ಲ, ದಾಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಎನ್ನುವುದು ಅವರ ದೂರು. ಆ ದ್ವೀಪ, ಆ ಮನೆ ಎಂದರೆ ಅವರಿಗೆ ಮೈ ಉರಿಯುತ್ತಿತ್ತು. ರಜೆಗೆ ಬಂದಾಗ ಇದನ್ನು ಹೇಳಿದ್ದೇ ತಡ, ಮೇಷ್ಟ್ರು ಯುದ್ಧ ಗೆದ್ದವರಂತೆ ಮಾವನತ್ತ ನೋಡಿದರು. ಇನ್ನೊಂದನ್ನು ನಾನು ಹೇಳಲಿಲ್ಲ. ಅವರು ಓದಿದ್ದ 1970ರ ಇಂಗ್ಲಿಷ್ ಪುಸ್ತಕ ಪೋಲಿಷ್‌ನಿಂದ ಬಂದದ್ದಲ್ಲ, ಫ್ರೆಂಚ್ ಅನುವಾದದ ಅನುವಾದ. ಲೆಮ್ ಬರೆದ ಹೆಸರು ಹರೇಯ್. ಅದನ್ನು ರಿಯಾ ಮಾಡಿದ್ದು ಇಂಗ್ಲಿಷಿನವರು. ಆ ಒಂದು ವಿಷಯದಲ್ಲಾದರೂ ಸಿನಿಮಾದವನೇ ಮೂಲಕ್ಕೆ ಹತ್ತಿರವಿದ್ದ.

ಆ ರಾತ್ರಿಯೂ ಸುಲಿತ ನಡೆದಿತ್ತು. ಗೆದ್ದ ಖುಷಿ ಇಳಿದ ಮೇಲೆ ಮೇಷ್ಟ್ರು ಮೆಲ್ಲಗೆ ಕೇಳಿದರು, “ಆ ಸಮುದ್ರ ಯಾವ ಬಣ್ಣಕ್ಕಿತ್ತು?”

ಮಾವ ಹಂಡೆಯತ್ತ ಕೈ ತೋರಿಸಿದ. “ಚೊಗರು ಕುದೀತಿದೆಯಲ್ಲ, ನೋಡಿ. ಬಣ್ಣ ಹಾಗೋ ಅಲ್ಲವೋ ಮರೆತೆ. ಸುತ್ತಿಕೊಳ್ಳೋದು ಮಾತ್ರ ಥೇಟ್ ಹಾಗೇ.”

ಮೇಷ್ಟ್ರು ಎದ್ದು ಹೋಗಿ, ಹಬೆಗೆ ಕನ್ನಡಕ ತೆಗೆದು, ಹಂಡೆಯೊಳಗೆ ಬಗ್ಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬಂದು ಮೆಟ್ಟುಗತ್ತಿಯ ಮುಂದೆ ಕೂತು, ಒಂದು ಅಡಿಕೆ ಕೈಗೆತ್ತಿಕೊಂಡು ಹೇಳಿದರು:

“ಆದರೂ ಆ ದ್ವೀಪ ಇರಬಾರದಿತ್ತು.”